ಮಗು ನೋಡಲು ಬಂದವರು

ಮನೆಗೆ ಮಗು ಬಂತೆಂದರೆ ಬೀದಿಗೆ ಬೀದಿಯೇ ಬರುತ್ತದೆ. ಇಸ್ತ್ರಿಯಮ್ಮನ ಮನೆಗೂ ಬಂತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಹೇಗಿತ್ತೆಂದರೆ, ಹೊರಟವರಿಗೆ ತಮ್ಮ ಜೋಡಿ ಹುಡುಕುವುದೇ ಒಂದು ಕೆಲಸವಾಗುತ್ತಿತ್ತು. ಅದನ್ನು ನೋಡಿದರೆ ಇಸ್ತ್ರಿಯಮ್ಮನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಬೀದಿಯ ಕೊನೆಯಲ್ಲಿ ಅವಳದೊಂದು ಇಸ್ತ್ರಿ ಅಂಗಡಿ. ಆ ಬೀದಿಯ ಎಲ್ಲರ ಅಂಗಿಯೂ ಅವಳ ಕೈಯಡಿ ಹಾದು ಹೋಗಿದೆ. ಯಾರ ಕಾಲರು ಎಷ್ಟು ಬೇಗ ಕೊಳೆಯಾಗುತ್ತದೆ ಎಂಬುದು ಕೂಡ ಅವಳಿಗೆ ಗೊತ್ತು. ಅಂಥವರೆಲ್ಲ ತನ್ನ ಮೊಮ್ಮಗಳನ್ನು ನೋಡಲು ಬರುತ್ತಾರೆಂದರೆ ಸುಮ್ಮನೆ ಆಯಿತೇ?

"ಮೂಗು ನೋಡ್ರೀ, ಥೇಟ್ ಅಪ್ಪಂದೇ!" ಎಂದಳು ಬೀಗದಕ್ಕ. ಅವಳ ಗಂಡ ಬೀಗ ರಿಪೇರಿ ಮಾಡುತ್ತಾನೆ, ಹಾಗಾಗಿ ಆ ಹೆಸರು.

"ಮೂಗು ಬಿಡಿ, ಹಣೆ ಅಜ್ಜಿದು," ಎಂದರು ಎದುರು ಮನೆ ಟೀಚರ್.

"ಗಂಟಲು ಮಾತ್ರ ನಂದು!" ಎಂದ ಮೈಕು ಚಿಕ್ಕಪ್ಪ. ಇವನು ಇಸ್ತ್ರಿಯಮ್ಮನ ಮೈದುನ. ಪಿಸುಮಾತಾಡಿದರೂ ಪಕ್ಕದ ಮನೆಗೆ ಕೇಳುತ್ತದೆ.

ಹೀಗೆ ಎರಡು ಗೇಣಿನ ಆ ಮಗುವನ್ನು ಎಲ್ಲರೂ ತುಂಡು ತುಂಡಾಗಿ ಹಂಚಿಕೊಂಡರು. ತಾಯಿಯ ಪಾಲಿಗೆ ಒಂದು ಕಿವಿಯೂ ಉಳಿಯಲಿಲ್ಲ. ಆ ತಾಯಿ ಅಡುಗೆಮನೆಯಲ್ಲಿ ನಿಂತು ಬಂದವರಿಗೆ ಟೀ ಸೋಸುತ್ತಿದ್ದಳು.

ಸೊಸೆಗೆ ತವರಿನಲ್ಲಿ ತಾಯಿಯಿಲ್ಲ. ಗಂಡ ದೂರದ ದಾರಿಯ ಬಸ್ಸು ಓಡಿಸುತ್ತಾನೆ. ಹೊರಟರೆ ಮಾರನೆಯ ದಿನವೇ ಮನೆ. ಹಾಗಾಗಿ ಬಾಣಂತಿಯ ಭಾರವೆಲ್ಲ ಇಸ್ತ್ರಿಯಮ್ಮನ ತಲೆಯ ಮೇಲೆ. ಅವಳೇನೂ ಕೈಕಟ್ಟಿ ಕೂತಿರಲಿಲ್ಲ. ಮಗುವಿನ ಲಂಗೋಟಿ, ಒರೆಸುವ ಬಟ್ಟೆ, ಕುಲಾವಿ ಎಲ್ಲಕ್ಕೂ ಗರಿಗರಿ ಇಸ್ತ್ರಿ ಮಾಡಿ ಜೋಡಿಸಿಡುತ್ತಿದ್ದಳು. ಆ ಬೀದಿಯಲ್ಲಿ ಯಾವ ಮಗುವೂ ಅಂಥ ಮಡಿಕೆ ಮುರಿಯದ ಲಂಗೋಟಿ ಕಂಡಿರಲಿಲ್ಲ.

ಆದರೂ ಸೊಸೆಯ ಮುಖ ಬಾಡುತ್ತಾ ಹೋಯಿತು. ತಟ್ಟೆ ಮುಂದಿಟ್ಟರೆ ಹಾಗೇ ನೋಡುತ್ತಾ ಕೂರುವಳು. ಮಗು ಅತ್ತರೆ ಬೆಚ್ಚಿ ಬೀಳುವಳು. ಮಗು ಮಲಗಿದರೆ ತಾನು ಮಲಗದೆ ಗೋಡೆ ನೋಡುವಳು. ಇಸ್ತ್ರಿಯಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಮಗು ಗುಂಡುಗುಂಡಾಗಿದೆ. ಮನೆ ತುಂಬ ಜನರಿದ್ದಾರೆ. ಗಂಡ ಒಳ್ಳೆಯವನು. ಇನ್ನೇನು ಕಡಿಮೆಯಾಗಿದೆ ಇವಳಿಗೆ? ಕೊಬ್ಬೇ? ಕಾಯಿಲೆಯೇ? ಯಾರ ಕಣ್ಣಾದರೂ ಬಿತ್ತೇ? ಒಂದೊಂದು ದಿನ ಒಂದೊಂದು ಅನಿಸುತ್ತಿತ್ತು.

ಮಗುವಿನ ತೂಕ ನೋಡಲು ಆರೋಗ್ಯ ಕೇಂದ್ರದಿಂದ ನರ್ಸಮ್ಮ ಬಂದರು. ತಕ್ಕಡಿ ಮಡಚಿಟ್ಟು ಕೇಳಿದರು: "ಪಾಪು ಚೆನ್ನಾಗಿ ತೂಕ ಹಾಕಿದಾಳೆ. ಈಗ ಅಮ್ಮನ ವಿಷಯ ಹೇಳಮ್ಮ. ನಿದ್ದೆ ಬರ್ತಿದ್ಯಾ?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಇಸ್ತ್ರಿಯಮ್ಮ, "ಎಲ್ಲಾ ಚೆನ್ನಾಗಿದೆ ನರ್ಸಮ್ಮಾ. ನೀವೇ ನೋಡ್ತಿದೀರಲ್ಲ, ಮನೆ ತುಂಬ ಜನ," ಎಂದಳು.

"ನಾನು ಅವಳನ್ನ ಕೇಳಿದೆ ಅಮ್ಮಾ."

"ಅವಳದು ಮಾತು ಕಮ್ಮಿ."

"ಯಾವಾಗಿಂದ?"

ಸೊಸೆ ಮೊದಲು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದು, ಗಿರಾಕಿಗಳು ಕಣ್ಣು ಕಿರಿದು ಮಾಡಿ ಓದುವುದನ್ನು ಅಣಕಿಸಿ, ಅತ್ತೆಯನ್ನು ಹೊಟ್ಟೆ ಹಿಡಿದು ನಗುವಂತೆ ಮಾಡುತ್ತಿದ್ದಳು. ಅವಳದು ಮಾತು ಕಮ್ಮಿ ಎಂದು ತಾನು ಹೇಳಿದ್ದು ಯಾಕೆ? ಇಸ್ತ್ರಿಯಮ್ಮನಿಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ "ಪಾಪು ಎಲ್ಲಿ?" ಎಂದರು. ಮಾತು ಅಲ್ಲಿಗೇ ನಿಂತಿತು. ನರ್ಸಮ್ಮ ಹೊರಡುವಾಗ ತಮ್ಮ ಫೋನ್ ನಂಬರು ಸೊಸೆಯ ಫೋನಿನಲ್ಲಿ ತಾವೇ ಹಾಕಿಕೊಟ್ಟರು. "ಯಾವಾಗ ಬೇಕಾದ್ರೂ ಮಾಡು," ಎಂದರು. ಸೊಸೆ ತಲೆಯಾಡಿಸಿದಳು.

ಆ ಭಾನುವಾರ ಮಧ್ಯಾಹ್ನ ಮನೆ ಮತ್ತೆ ತುಂಬಿತ್ತು. ಮಗು ಮಡಿಲಿನಿಂದ ಮಡಿಲಿಗೆ ಹೋಗುತ್ತಿತ್ತು. ಮೈಕು ಚಿಕ್ಕಪ್ಪ ಹಾಡುತ್ತಿದ್ದ. ಟೀಚರ್ ಫೋಟೊ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಗು ಹಸಿದು ಅಳತೊಡಗಿತು.

"ತಗೊಳಮ್ಮ, ಹಾಲು ಕೊಡು," ಎಂದು ಇಸ್ತ್ರಿಯಮ್ಮ ಅಡುಗೆಮನೆಯ ಕಡೆ ಕೂಗಿದಳು. ಉತ್ತರವಿಲ್ಲ. ಎದ್ದು ಹೋಗಿ ನೋಡಿದರೆ ಒಲೆಯ ಮೇಲೆ ಟೀ ನೀರು ಬತ್ತಿ ಪಾತ್ರೆ ಕಪ್ಪಗಾಗಿತ್ತು. ಒಲೆ ಆರಿಸಿ ಕೋಣೆಗೆ ಹೋದಳು. ಅಲ್ಲಿಲ್ಲ. ಬಚ್ಚಲಲ್ಲಿಲ್ಲ. ಹಿತ್ತಲಲ್ಲೂ ಇಲ್ಲ.

"ಸೊಸೆಯನ್ನ ನೋಡಿದ್ರಾ?"

ಮೈಕು ಚಿಕ್ಕಪ್ಪ ಹಾಡು ನಿಲ್ಲಿಸಿದ.

"ಟೀ ಕೊಟ್ಟಳಲ್ಲ?" ಎಂದಳು ಬೀಗದಕ್ಕ. "ಯಾವಾಗ ಕೊಟ್ಟಳು? ಮೊದಲನೇ ಟೀನಾ, ಎರಡನೇದಾ?"

"ಕೋಣೇಲಿ ಮಲಗಿದಾಳೆ ಅಂದ್ಕೊಂಡೆ," ಎಂದರು ಟೀಚರ್.

"ನಾನು ಬಾಗಿಲ ಹತ್ರಾನೇ ಕೂತಿದ್ದೆನಲ್ಲ ಅತ್ತಿಗೆ! ನನ್ನ ದಾಟಿಕೊಂಡೇ ಹೋಗ್ಬೇಕಲ್ಲ!" ಎಂದ ಮೈಕು ಚಿಕ್ಕಪ್ಪ. ಹೌದು, ಅವನನ್ನು ದಾಟಿಕೊಂಡೇ ಹೋಗಿದ್ದಳು. ಹೊರಗಿನ ಚಪ್ಪಲಿ ರಾಶಿಯಲ್ಲಿ ಅವಳ ನೀಲಿ ಜೋಡಿ ಇರಲಿಲ್ಲ.

ಇಸ್ತ್ರಿಯಮ್ಮ ಬಾಗಿಲಿಗೆ ಬಂದು ಬೀದಿಯ ಎರಡೂ ಕಡೆ ನೋಡಿದಳು. ಬೀದಿಯ ಒಂದು ತುದಿಗೆ ಲಾರಿ ಓಡಾಡುವ ದೊಡ್ಡ ರಸ್ತೆ. ಹಸಿ ಮೈಯ ಹುಡುಗಿ, ಸರಿಯಾಗಿ ಉಂಡಿಲ್ಲ, ನಿದ್ದೆಯಿಲ್ಲ. ಯಾವ ಕಡೆ ಹೋದಳು? ಯಾಕೆ ಹೋದಳು? ಯಾರಾದರೂ ಏನಾದರೂ ಅಂದರೇ? ಯಾರೂ ಏನೂ ಅಂದಿರಲಿಲ್ಲ. ಅವಳ ಜೊತೆ ಯಾರೂ ಮಾತೇ ಆಡಿರಲಿಲ್ಲ. ಇಸ್ತ್ರಿಯಮ್ಮ ಮಗುವನ್ನು ಟೀಚರ ಕೈಗಿಟ್ಟು ಬರಿಗಾಲಲ್ಲಿ ಓಡಿದಳು.

ದೊಡ್ಡ ರಸ್ತೆಯಲ್ಲಿ ಕಾಣಲಿಲ್ಲ. ತಿರುಗಿ ಬೀದಿಯ ಇನ್ನೊಂದು ತುದಿಗೆ ಓಡಿ ಬಂದರೆ, ಭಾನುವಾರ ಮುಚ್ಚಿರಬೇಕಾದ ತನ್ನ ಅಂಗಡಿಯ ಷಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ನುಗ್ಗಿದಳು. ಬಟ್ಟೆ ಗಂಟುಗಳ ನಡುವೆ ಸೊಸೆ ನಿಂತಿದ್ದಳು. ಮೇಜಿನ ಮೇಲೆ ಯಾರದೋ ಬಿಳಿ ಅಂಗಿ ಹರಡಿಕೊಂಡು ಇಸ್ತ್ರಿ ಮಾಡುತ್ತಿದ್ದಳು. ರವಿಕೆಯ ಎದೆಭಾಗ ಹಾಲಿನಿಂದ ಒದ್ದೆಯಾಗಿತ್ತು. ಇಸ್ತ್ರಿ ಪೆಟ್ಟಿಗೆಯ ವೈರು ನೆಲದ ಮೇಲೆ ಬಿದ್ದಿತ್ತು, ಪ್ಲಗ್ಗೇ ಹಾಕಿರಲಿಲ್ಲ. ತಣ್ಣನೆಯ ಪೆಟ್ಟಿಗೆಯನ್ನು ಅವಳು ಅಂಗಿಯ ತೋಳಿನ ಮೇಲೆ ಹಿಂದೆ ಮುಂದೆ ತಳ್ಳುತ್ತಲೇ ಇದ್ದಳು.

"ಮಗಳೇ, ಪೆಟ್ಟಿಗೆ ಬಿಸಿಯಾಗಿಲ್ಲ," ಎಂದಳು ಇಸ್ತ್ರಿಯಮ್ಮ.

"ಗೊತ್ತು ಅತ್ತೆ."

"ಮತ್ತೆ?"

"ಏನಾದ್ರೂ ಒಂದು ಮುಗೀಲಿ ಅಂತ." ಸೊಸೆಯ ಕೈ ನಿಲ್ಲಲಿಲ್ಲ. "ಮನೇಲಿ ಏನೂ ಮುಗಿಯಲ್ಲ ಅತ್ತೆ. ಹಾಲು ಮುಗಿಯಲ್ಲ, ಅಳು ಮುಗಿಯಲ್ಲ, ಟೀ ಮುಗಿಯಲ್ಲ. ಪಾಪು ನೋಡಿ ಎಲ್ಲರೂ ಮುದ್ದು ಮುದ್ದು ಅಂತಾರೆ. ನಂಗೆ ಭಯ ಆಗುತ್ತೆ, ಬೇರೇನೂ ಅನ್ಸಲ್ಲ. ನಾನೆಂಥ ತಾಯಿ?"

"ಹಾಗೆಲ್ಲ ಅನ್ಬಾರ್ದು," ಎಂದುಬಿಟ್ಟಳು ಇಸ್ತ್ರಿಯಮ್ಮ.

"ಸರಿ ಅತ್ತೆ, ಅನ್ನಲ್ಲ," ಎಂದು ಸೊಸೆ ಬಾಯಿ ಮುಚ್ಚಿಕೊಂಡಳು.

ಆ 'ಸರಿ ಅತ್ತೆ' ಕೇಳಿ ಇಸ್ತ್ರಿಯಮ್ಮನಿಗೆ ಲಾರಿ ರಸ್ತೆಯಲ್ಲಿ ಆಗದಷ್ಟು ಭಯವಾಯಿತು. ತಾನು ಸಮಾಧಾನ ಹೇಳಿದ್ದೋ, ಬಾಯಿಗೆ ಬೀಗ ಹಾಕಿದ್ದೋ? ಸೊಸೆಯ ಫೋನ್ ತೆಗೆದುಕೊಂಡು ನರ್ಸಮ್ಮನಿಗೆ ಮಾಡಿದಳು, ಸೊಸೆಯ ಕೈ ಹಿಡಿದು ಮನೆಗೆ ಕರೆತಂದಳು.

ನರ್ಸಮ್ಮ ಮನೆಗೆ ಬಂದವರೇ ಅಲ್ಲಿ ಸೇರಿದ್ದವರನ್ನೆಲ್ಲ ನಯವಾಗಿ ಹೊರಗೆ ಕಳಿಸಿದರು. ಮಗು ಹಾಲು ಕುಡಿದು ಮಲಗಿತು. ಅವರು ಸೊಸೆಯ ಪಕ್ಕ ನೆಲದ ಮೇಲೆಯೇ ಕೂತು, ಸುತ್ತುಬಳಸದೆ ಕೇಳಿದರು: "ಸತ್ತು ಹೋಗೋಣ ಅಂತ, ಇಲ್ಲಾ ಮಗೂಗೆ ಏನಾದ್ರೂ ಮಾಡ್ಬಿಡೋಣ ಅಂತ ಯೋಚನೆ ಬಂದಿದ್ಯಾ?"

"ಅಯ್ಯೋ ನರ್ಸಮ್ಮಾ!" ಇಸ್ತ್ರಿಯಮ್ಮ ಎದ್ದೇ ನಿಂತಳು. "ಇಂಥದ್ದೆಲ್ಲ ಬಾಯಲ್ಲಿ ಆಡ್ತಾರಾ? ಇಲ್ಲದ್ದನ್ನ ಯಾಕೆ ತಲೆಗೆ ತುಂಬ್ತೀರಿ?"

"ಕೇಳಿದ್ರಿಂದ ತಲೆಗೆ ಬರಲ್ಲ ಅಮ್ಮಾ. ಒಳಗೆ ಇದ್ರೆ ಹೊರಗೆ ಬರುತ್ತೆ, ಅಷ್ಟೇ. ಕೂತ್ಕೊಳಿ."

ಸೊಸೆ ಮಲಗಿದ ಮಗುವಿನ ಹೊದಿಕೆ ಸರಿಮಾಡುತ್ತಾ ಹೇಳಿದಳು: "ಮಗೂಗೆ ಅಂತ ಯಾವತ್ತೂ ಇಲ್ಲ. ನಾನೇ... ಸಾಯ್ಬೇಕು ಅಂತಲ್ಲ. ಇಲ್ದೇ ಇದ್ರೆ ಚೆನ್ನಾಗಿರುತ್ತೆ ಅಂತ. ನಾನಿಲ್ದಿದ್ರೂ ಮನೆ ತುಂಬಾನೇ ಇರುತ್ತಲ್ಲ."

ಇಸ್ತ್ರಿಯಮ್ಮ ಕೂತಲ್ಲೇ ಅತ್ತಳು. ನರ್ಸಮ್ಮ ಮಾತ್ರ ಅಳಲಿಲ್ಲ, ಬೆಚ್ಚಲೂ ಇಲ್ಲ. "ಹೇಳಿದ್ದು ಒಳ್ಳೇದಾಯ್ತು," ಎಂದು ಸೊಸೆಯ ಕೈ ಹಿಡಿದರು. "ಹೆರಿಗೆ ಆದ ಹೊಸತರಲ್ಲಿ ಅಳು, ಸಿಡುಕು ಬಹಳ ಜನಕ್ಕೆ ಬರುತ್ತೆ, ತಾನಾಗೇ ಹೋಗುತ್ತೆ. ಎರಡು ವಾರ ಕಳೆದ್ರೂ ಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸ್ಬೇಕು. ಇಲ್ದೇ ಇರ್ಬೇಕು ಅಂತ ಅನ್ಸಿದ್ರಂತೂ ಎರಡು ವಾರ ಕಾಯೋದೂ ಬೇಡ, ಆವತ್ತೇ ಹೇಳ್ಬೇಕು. ಇದು ಕಾಯಿಲೆ ಕಣಮ್ಮ, ನಿನ್ನ ತಪ್ಪಲ್ಲ. ವಾಸಿಯಾಗುತ್ತೆ." ತಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು. ಬೆಳಿಗ್ಗೆ ಮೊದಲು ಸೊಸೆಯನ್ನೇ ನೋಡುವುದಾಗಿ ಡಾಕ್ಟರು ಒಪ್ಪಿದರು. ಅಲ್ಲಿಯವರೆಗೆ ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದರು ನರ್ಸಮ್ಮ.

ಟೀಚರನ್ನು ಸೊಸೆಯ ಹತ್ತಿರ ಕೂರಿಸಿ, ಹೊರಟ ನರ್ಸಮ್ಮನ ಬೆನ್ನು ಹತ್ತಿದಳು ಇಸ್ತ್ರಿಯಮ್ಮ. "ನಂಗೊಂದೂ ಅರ್ಥವಾಗ್ತಿಲ್ಲ. ಇಷ್ಟು ಜನ ಇದ್ರಲ್ಲ?"

"ಇದ್ರು. ಯಾರ ಹತ್ರ ಇದ್ರು?"

"ನಮ್ಮ ಕಾಲದಲ್ಲಿ ನಮಗೆ ಯಾರಿದ್ರು ನರ್ಸಮ್ಮಾ? ಹಸಿ ಮೈಯಲ್ಲೇ ಅಂಗಡೀಲಿ ನಿಂತೆ. ನಂಗೇನಾಯ್ತು? ಚೆನ್ನಾಗೇ ಸಾಕಲಿಲ್ವಾ ಮಗನ್ನ?"

"ಚೆನ್ನಾಗೇ ಸಾಕಿದೀರಿ. ನಿಮ್ಮ ಮಗ ಮೊದಲನೇ ಸಲ ನಕ್ಕಿದ್ದು ನೆನಪಿದ್ಯಾ ಅಮ್ಮಾ?"

ಅದೇನು ಮಹಾ ಎಂದು ಇಸ್ತ್ರಿಯಮ್ಮ ಬಾಯಿ ತೆರೆದಳು. ನೆನಪು ಬರಲಿಲ್ಲ. ಗಂಟುಗಳು ನೆನಪಾದವು, ಸುಟ್ಟುಹೋದ ಒಂದು ರೇಷ್ಮೆ ಸೆರಗು ನೆನಪಾಯಿತು, ಕೆಂಡದ ಪೆಟ್ಟಿಗೆಯ ಬಿಸಿ ನೆನಪಾಯಿತು. ಮಗನ ಆ ವರ್ಷದ ಮುಖ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ನರ್ಸಮ್ಮ ಮತ್ತೇನೂ ಕೇಳದೆ ಅವಳ ಭುಜ ತಟ್ಟಿ ಹೊರಟರು.

ಡಾಕ್ಟರು ಔಷಧಿ ಬರೆದುಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಲು ಹೇಳಿದರು. "ಔಷಧಿ ಅರ್ಧ, ಮನೆಯವರು ಅರ್ಧ. ಅವಳಿಗೆ ಆಸರೆ ಬೇಕು," ಎಂದರು. ಇಸ್ತ್ರಿಯಮ್ಮ ಮನೆಗೆ ಬಂದವಳೇ ಸೆರಗು ಬಿಗಿದಳು. ಆಸರೆ ತಾನೇ? ಕರೆದರಾಯಿತು! ಬೀದಿಯವರಿಗೆಲ್ಲ ಹೇಳಿದಳು: "ಮಗು ನೋಡೋಕಲ್ಲ, ಕೆಲಸ ಮಾಡೋಕೆ ಬನ್ನಿ."

ಎಲ್ಲರೂ ಬಂದರು. ಒಂದೇ ದಿನ, ಒಂದೇ ಹೊತ್ತಿಗೆ ಬಂದರು. ಎಲ್ಲರ ಕೈಯಲ್ಲೂ ಊಟದ ಡಬ್ಬಿ, ಇಡಲು ಜಾಗವಿಲ್ಲ. ಪೊರಕೆ ಒಂದೇ, ಗುಡಿಸುವವರು ಮೂವರು. ಬೀಗದಕ್ಕ ಮಗುವಿಗೆ ನೀರು ಕುಡಿಸಿ ಎಂದಳು. ಟೀಚರ್, "ಆರು ತಿಂಗಳು ಎದೆಹಾಲು ಬಿಟ್ಟು ಒಂದು ಹನಿ ನೀರೂ ಬೇಡ ಅಂತ ನರ್ಸಮ್ಮ ಹೇಳಿಲ್ವಾ?" ಎಂದು ಜಗಳಕ್ಕೆ ನಿಂತರು. ಮೈಕು ಚಿಕ್ಕಪ್ಪ, "ಎಲ್ಲರೂ ನಿಧಾನ ಮಾತಾಡಿ, ಮಗು ಏಳುತ್ತೆ!" ಎಂದು ಕೂಗಿ ಮಗುವನ್ನು ಎಬ್ಬಿಸಿದ. ಎಲ್ಲರೂ ಸೊಸೆಯನ್ನೇ ಕೇಳುವವರು: "ಏನು ಮಾಡ್ಲಿ ಹೇಳಮ್ಮ? ಏನು ಬೇಕು ಹೇಳಮ್ಮ?" ಅವಳು "ಗೊತ್ತಿಲ್ಲ, ಗೊತ್ತಿಲ್ಲ" ಎನ್ನುತ್ತಾ ಮೂಲೆಗೆ ಸರಿದಳು. ಸಂಜೆ ಮಗು ಹಟ ಹಿಡಿದು ಅಳುವಾಗ ನೋಡಿದರೆ ಒಬ್ಬರೂ ಇಲ್ಲ. ಇಸ್ತ್ರಿಯಮ್ಮನ ತಲೆ ಮೊಸರುಗಡಿಗೆಯಾಯಿತು. ಜನ ಬಂದರೂ ತಪ್ಪು, ಬರದಿದ್ದರೂ ತಪ್ಪು ಎಂದರೆ ಮನುಷ್ಯರು ಮಾಡುವುದೇನು?

ಮಾರನೆಯ ದಿನ ಅಂಗಡಿಯಲ್ಲಿದ್ದಾಗ ಟೀಚರ್ ದೊಡ್ಡ ಗಂಟೊಂದನ್ನು ತಂದಿಟ್ಟರು. ಇಸ್ತ್ರಿಯಮ್ಮ ಅಭ್ಯಾಸಬಲದಿಂದ ರೇಗಿದಳು: "ಟೀಚರ್, ಇವತ್ತು ನಿಮ್ಮ ದಿನ ಅಲ್ಲ! ಇವತ್ತು ಬೀಗದಕ್ಕನ ಮನೇದು. ನಿಮ್ಮದು ಗುರುವಾರ. ಎಲ್ಲರ ಗಂಟೂ ಒಂದೇ ದಿನ ಬಂದ್ರೆ ಯಾರ ಬಟ್ಟೇನೂ..."

ಮಾತು ಅರ್ಧಕ್ಕೇ ನಿಂತಿತು.

"ಯಾಕಮ್ಮಾ?" ಎಂದರು ಟೀಚರ್ ಗಾಬರಿಯಾಗಿ.

"ಯಾರ ಬಟ್ಟೇನೂ ಆಗಲ್ಲ," ಎಂದಳು ಇಸ್ತ್ರಿಯಮ್ಮ ನಿಧಾನವಾಗಿ. ಇಷ್ಟು ವರ್ಷ ಇಡೀ ಬೀದಿಯ ಬಟ್ಟೆಯನ್ನು ವಾರಕ್ಕೆ ಹಂಚಿದವಳು ಅವಳೇ. ಒಂದು ಚೀಟಿ ಬರೆದಿಟ್ಟವಳಲ್ಲ, ಎಲ್ಲ ತಲೆಯಲ್ಲೇ. ಮನೆಯಲ್ಲಿ ಮಾತ್ರ ಆ ಬುದ್ಧಿ ಎಲ್ಲಿಗೆ ಹೋಗಿತ್ತು?

ಅವತ್ತೇ ಜನರನ್ನು ಗಂಟಿನ ಹಾಗೆ ಹಂಚಿದಳು. ಬೀಗದಕ್ಕನಿಗೆ ಮಧ್ಯಾಹ್ನದ ಊಟ, ವಾರದಲ್ಲಿ ಎರಡು ದಿನ. ತಂದಿಟ್ಟು ಹೋಗುವಂತಿಲ್ಲ, ಸೊಸೆ ಉಂಡು ಮುಗಿಸುವವರೆಗೆ ಮಗು ಬೀಗದಕ್ಕನ ಮಡಿಲಲ್ಲಿ. ಟೀಚರಿಗೆ ಸಂಜೆಯ ಹಟದ ಹೊತ್ತು. ಶಾಲೆ ಬಿಟ್ಟು ಬಂದು ಕೂರಬೇಕು, ಸೊಸೆ ಮಾತಾಡಿದರೆ ಕೇಳಬೇಕು. "ಬುದ್ಧಿ ಹೇಳೋ ಹಾಗಿಲ್ಲ," ಎಂದಳು ಇಸ್ತ್ರಿಯಮ್ಮ. "ಅಯ್ಯೋ, ಅದೇ ಕಷ್ಟ," ಎಂದರು ಟೀಚರ್, ಆದರೆ ಒಪ್ಪಿದರು. ಮಗ ಡಿಪೋದಲ್ಲಿ ಕೇಳಿ ಕೆಲವು ತಿಂಗಳಿಗೆ ಹತ್ತಿರದ ದಾರಿ ಹಾಕಿಸಿಕೊಂಡ. ಮನೆಯಲ್ಲಿದ್ದಷ್ಟು ಹೊತ್ತು ಲಂಗೋಟಿ ಬದಲಿಸುವುದು, ಒಗೆಯುವುದು ಅವನದೇ. ಬಸ್ಸು ತಿರುಗಿಸುವುದೇ ಸುಲಭ ಎನ್ನುತ್ತಿದ್ದ. ಮೈಕು ಚಿಕ್ಕಪ್ಪನಿಗೆ ಬಾಗಿಲು ಕಾಯುವ ಕೆಲಸ. ಆದರೆ ಅವನು, "ಅವಳು ಮಲಗಿದಾಳೆ, ಆಮೇಲೆ ಬನ್ನಿ!" ಎಂದು ಕೂಗಿದ್ದಕ್ಕೆ ಅವಳೇ ಎದ್ದು ಬಂದಳು. ಆಮೇಲೆ ಅವನನ್ನು ಬೀದಿಯ ತುದಿಗೆ, ಅಂಗಡಿಯ ಹತ್ತಿರಕ್ಕೆ ವರ್ಗ ಮಾಡಿದರು.

ನರ್ಸಮ್ಮ ಒಂದು ಮಾತು ಸೇರಿಸಿದರು. "ಏನು ಬೇಕು ಅಂತ ಕೇಳಿದ್ರೆ ಯೋಚನೆ ಮಾಡೋ ಕೆಲಸಾನೂ ಅವಳ ತಲೆಗೇ ಬೀಳುತ್ತೆ. ನಾನು ಪಾತ್ರೆ ತೊಳೀಲಾ, ಮಗು ಎತ್ಕೊಳ್ಲಾ ಅಂತ ಕೇಳಿ. ಹ್ಞೂಂ, ಉಹ್ಞೂಂ ಅಂದ್ರೆ ಸಾಕು ಅವಳು."

ಇಸ್ತ್ರಿಯಮ್ಮ ಹಾಗೇ ಕೇಳಿದಳು. "ಪಾಪು ಬಟ್ಟೆ ಇಸ್ತ್ರಿ ಮಾಡ್ಲಾ?"

"ಬೇಡ ಅತ್ತೆ. ಗರಿಗರಿ ಬಟ್ಟೆ ಪಾಪೂಗೆ ಚುಚ್ಚುತ್ತೆ."

ಇಸ್ತ್ರಿಯಮ್ಮ ಕೈಯಲ್ಲಿದ್ದ ಲಂಗೋಟಿ ಪಕ್ಕಕ್ಕಿಟ್ಟಳು. "ಮತ್ತೆ... ನಿನ್ನ ತಲೆ ಬಾಚ್ಲಾ?"

ಸೊಸೆ ತಿರುಗಿ ಅವಳಿಗೆ ಬೆನ್ನು ಕೊಟ್ಟು ಕೂತಳು. "ಹ್ಞೂಂ. ಬಾಚಿ. ಅದು ಮುಗಿಯೋ ಕೆಲಸ."

ಅಂದಿನಿಂದ ಪ್ರತಿ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅತ್ತೆ ಸೊಸೆಯ ತಲೆ ಬಾಚುತ್ತಿದ್ದಳು. ಎಲ್ಲವೂ ಒಮ್ಮೆಲೇ ಸರಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಸೊಸೆ ಎರಡು ಮಾತಾಡುವಳು, ಮಾರನೆಯ ದಿನ ಗೋಡೆ ನೋಡುವಳು. ಇಸ್ತ್ರಿಯಮ್ಮನಿಗೆ ಆಗಲೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಮಾತಾಡಿದ್ದು ಯಾಕೆ, ಮೌನವಾದದ್ದು ಯಾಕೆ? ಆದರೆ ಅರ್ಥವಾಗದಿದ್ದರೂ ಸಿಕ್ಕು ಬಿಡಿಸಬಹುದು ಎಂಬುದು ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಬಾಚಿದಳು. ಡಾಕ್ಟರ ಹತ್ತಿರ ಹೋಗುವ ದಿನ ಒಂದೂ ತಪ್ಪಿಸಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಹಿಂದೆ ಇಸ್ತ್ರಿಯಮ್ಮ ಬೈತಲೆ ತೆಗೆಯುತ್ತಿದ್ದಳು. ಸೊಸೆ ಮಗುವಿಗೆ ಕನ್ನಡಕದ ಅಂಗಡಿಯ ಗಿರಾಕಿಯ ಹಾಗೆ ಕಣ್ಣು ಕಿರಿದು ಮಾಡಿ ತೋರಿಸಿದಳು. ಇದ್ದಕ್ಕಿದ್ದಂತೆ ಅವಳ ಬೆನ್ನು ನೆಟ್ಟಗಾಯಿತು.

"ಅತ್ತೆ! ನಕ್ಕಳು! ನನ್ನ ನೋಡಿ ನಕ್ಕಳು!"

ಇಸ್ತ್ರಿಯಮ್ಮ ಬಗ್ಗಿ ನೋಡುವಷ್ಟರಲ್ಲಿ ನಗು ಹೋಗಿತ್ತು, ಮಗು ಆಕಳಿಸುತ್ತಿತ್ತು. ಸೊಸೆ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನೀವು ನೋಡ್ಲೇ ಇಲ್ವಲ್ಲ ಅತ್ತೆ."

"ನೀನು ನೋಡಿದ್ಯಲ್ಲ," ಎಂದಳು ಇಸ್ತ್ರಿಯಮ್ಮ. "ಸಾಕು ಮಗಳೇ. ನೆನಪಿಟ್ಕೋ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣ ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಒಬ್ಬಳು ಹೊಸ ತಾಯಿ ಇದ್ದಾಳೆ. ಅವಳ ಸುತ್ತ ನಾಲ್ಕು ಜನ ಸೇರಿ. ಒಂದೇ ದಿನವಲ್ಲ, ಹಂಚಿಕೊಂಡು. ಒಬ್ಬರು ಊಟ, ಒಬ್ಬರು ಒಗೆತ, ಒಬ್ಬರು ಅವಳ ನಿದ್ದೆಯ ಕಾವಲು, ಒಬ್ಬರು ಬರೀ ಕಿವಿ. ಎರಡು ವಾರ ಕಳೆದರೂ ಅವಳ ದುಃಖ, ಭಯ ಇಳಿಯದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಜೋರು ರಕ್ತಸ್ರಾವ, ಜ್ವರ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಏದುಸಿರು, ಇಲ್ಲವೇ "ನಾನಿರಬಾರದು" ಎಂಬ ಒಂದು ಮಾತು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ಆಗಲೇ ಹೊರಡಿ. ಅವಳನ್ನು ಒಬ್ಬಳನ್ನೇ ಬಿಡಬೇಡಿ.

ಮುಂದಿನ ಸಲ ಮಗು ನೋಡಲು ಹೋದಾಗ ಚಪ್ಪಲಿ ಬಿಟ್ಟು ನೇರವಾಗಿ ತಾಯಿಯ ಹತ್ತಿರ ಹೋಗಿ. "ಊಟ ಆಯ್ತಾ? ಮಲಗಿದ್ಯಾ?" ಎಂದು ಕೇಳಿ. ಉತ್ತರವನ್ನು ಅವಳ ಬಾಯಿಂದಲೇ ಕೇಳಿ. ಮಗುವನ್ನು ಆಮೇಲೆ ನೋಡಿದರಾಯಿತು. ಅದು ಎಲ್ಲಿಗೂ ಎದ್ದು ಹೋಗುವುದಿಲ್ಲ.